‘ಇಂಥವರು ಇರೋದೇ ಹೀಗೆ’ ಎನ್ನುವ ಮೊದಲು

ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ತಮ್ಮನಿಗೆ ಬೌದ್ಧಿಕ ಅಸಾಮರ್ಥ್ಯವಿದೆ, ಮಾತು ಬರುವುದಿಲ್ಲ. ಇದ್ದಕ್ಕಿದ್ದಂತೆ ಕೆನ್ನೆಗೆ ಹೊಡೆದುಕೊಳ್ಳತೊಡಗಿದ. ಆಸ್ಪತ್ರೆಯಲ್ಲಿ “ಇಂಥವರು ಇರೋದೇ ಹೀಗೆ” ಎಂದು ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಮೂರು ವಾರದ ಮೇಲೆ ಗೊತ್ತಾಯಿತು, ದವಡೆ ಹಲ್ಲಿನಲ್ಲಿ ಕೀವು ತುಂಬಿತ್ತು. ಇವರನ್ನು ನೋಡಿಕೊಳ್ಳುವ ನರ್ಸುಗಳಿಗೆ ಬೇರೆ ತರಬೇತಿ ಬೇಡವೇ? ಹೀಗೆ ಕೇಳುವುದು ಅತಿಯಾಯಿತೇ?’

ಅತಿಯಾಗಲಿಲ್ಲ. ನಿಮ್ಮ ಪತ್ರ ಓದಿ ಆ ಮೂರು ವಾರದ ಬಗ್ಗೆಯೇ ಯೋಚಿಸುತ್ತಿದ್ದೇನೆ. ಹಲ್ಲುನೋವಿದ್ದರೆ ನಾವು ಒಂದು ರಾತ್ರಿಯನ್ನೂ ಸುಮ್ಮನೆ ಕಳೆಯುವುದಿಲ್ಲ.

ಆದದ್ದಕ್ಕೆ ವೈದ್ಯಲೋಕದಲ್ಲಿ ‘ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್’ ಎಂಬ ಹೆಸರೇ ಇದೆ. ಅಸಾಮರ್ಥ್ಯವೊಂದೇ ಕಣ್ಣಿಗೆ ಬಿದ್ದು, ಅದರ ನೆರಳಿನಲ್ಲಿ ಉಳಿದ ಕಾಯಿಲೆಗಳೆಲ್ಲ ಮರೆಯಾಗುವುದು. ಇದು ಜೀವಕ್ಕೇ ಎರವಾಗುತ್ತದೆ. ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಬೌದ್ಧಿಕ ಅಸಾಮರ್ಥ್ಯವಿದ್ದವರ 247 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ವರದಿ 2013ರಲ್ಲಿ ಹೊರಬಂತು. ಉಳಿದವರಿಗಿಂತ ಗಂಡಸರು ಸುಮಾರು 13 ವರ್ಷ, ಹೆಂಗಸರು 20 ವರ್ಷ ಮೊದಲೇ ತೀರಿಕೊಂಡಿದ್ದರು. ಕಾಯಿಲೆ ಪತ್ತೆಹಚ್ಚುವುದರಲ್ಲಿ, ಚಿಕಿತ್ಸೆ ಕೊಡುವುದರಲ್ಲಿ ಆದ ತಡ ಮತ್ತೆ ಮತ್ತೆ ಕಾಣಿಸಿತ್ತು.

ಬ್ರಿಟನ್ನಿನಲ್ಲಿ ಇವರ ಆರೈಕೆಗೆಂದೇ ನರ್ಸಿಂಗ್‌ನ ಪ್ರತ್ಯೇಕ ವಿಭಾಗವಿದೆ. (ಅಲ್ಲಿ ಬೌದ್ಧಿಕ ಅಸಾಮರ್ಥ್ಯವನ್ನು ‘ಲರ್ನಿಂಗ್ ಡಿಸಬಿಲಿಟಿ’ ಎನ್ನುತ್ತಾರೆ. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ ಬೇರೆ, ಇದು ಬೇರೆ.) ಎಲ್ಲ ಕಡೆ ಅಂಥ ನರ್ಸುಗಳು ಸಿಗುವುದಿಲ್ಲ. ಸಿಗದ ಕಡೆ ಇರುವ ನರ್ಸುಗಳನ್ನು ದೂರಿ ಏನು ಫಲ? ಯಾರಾದರೂ ಹೇಳಿಕೊಟ್ಟಿದ್ದರೆ ತಾನೆ ಅವರಿಗೆ ಗೊತ್ತಿರುವುದು! ಕಲಿಯಬೇಕಾದ ಮೊದಲ ಪಾಠ ಇಷ್ಟೇ: ಮಾತಿಲ್ಲದವರ ನಡವಳಿಕೆ ದಿಢೀರನೆ ಬದಲಾದರೆ, ಬೇರೆ ಕಾರಣ ಸಿಗುವವರೆಗೂ ಅದನ್ನು ನೋವೆಂದೇ ತಿಳಿಯಬೇಕು. ಹಲ್ಲು, ಕಿವಿ, ಹೊಟ್ಟೆ, ಮೂತ್ರದ ಸೋಂಕು ಎಲ್ಲವನ್ನೂ ನೋಡಬೇಕು. ಮಲಬದ್ಧತೆಯನ್ನಂತೂ ಹಗುರವಾಗಿ ಕಾಣಲೇಬಾರದು, ಅದರಿಂದ ಪ್ರಾಣ ಹೋದದ್ದೂ ಉಂಟು. ನುಂಗುವ ತೊಂದರೆ ಇದ್ದವರಿಗೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಡೌನ್ ಸಿಂಡ್ರೋಮ್ ಇರುವವರು ಮಂಕಾದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ಎರಡನೆಯದು, ಆತುರ ಬೇಡ. ಬಿಪಿ ನೋಡುವುದನ್ನೇ ತೆಗೆದುಕೊಳ್ಳಿ. ಪಟ್ಟಿಯನ್ನು ಸೀದಾ ತೋಳಿಗೆ ಸುತ್ತಿ ಗಾಳಿ ತುಂಬಿದರೆ ಯಾರಾದರೂ ಕೈ ಕೊಸರಿಕೊಳ್ಳುತ್ತಾರೆ. ಮೊದಲು ನರ್ಸು ಅದನ್ನು ನಿಮ್ಮ ತಮ್ಮನ ಕೈಗೇ ಕೊಡಲಿ. ಅವನು ಅದರ ಅಂಟುಪಟ್ಟಿಯನ್ನು ಪರ್ರನೆ ಕಿತ್ತು ನೋಡಲಿ. ಆಮೇಲೆ ನಿಮ್ಮ ತೋಳಿಗೆ ಕಟ್ಟಿ, ಪಟ್ಟಿ ಉಬ್ಬಿ ಇಳಿಯುವುದನ್ನು ತೋರಿಸಲಿ. ಹಾಗೆ ಮಾಡಿದರೆ ಅವನೇ ತೋಳು ಚಾಚಿಯಾನು. ಆಗಲೂ ಚಾಚದಿದ್ದರೆ ಅರ್ಧ ಗಂಟೆ ಬಿಟ್ಟು ಬರಲಿ. ಅವನಿಗೆ ಮಾತು ಬರದಿದ್ದರೂ ‘ಈಗ ತೋಳು ಬಿಗಿಯಾಗುತ್ತೆ, ಸ್ವಲ್ಪ ಹೊತ್ತು ಅಷ್ಟೆ’ ಎಂದು ಅವನ ಮುಖ ನೋಡಿಯೇ ಹೇಳಬೇಕು. ಎಲ್ಲವನ್ನೂ ನಿಮಗೆ ಹೇಳಿ ಅವನನ್ನು ಸಾಮಾನಿನಂತೆ ಮಂಚದ ಮೇಲೆ ಬಿಡುವುದು ನನಗೆ ಸಹಿಸಲಾಗದ ಸಂಗತಿ.

ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಒಂದೇ ಹಾಳೆಯಲ್ಲಿ ಅವನ ಬಗ್ಗೆ ಬರೆದಿಡಿ. ಕೆಲವು ದೇಶಗಳ ಆಸ್ಪತ್ರೆಗಳು ಇದನ್ನು ‘ಹಾಸ್ಪಿಟಲ್ ಪಾಸ್‌ಪೋರ್ಟ್’ ಎಂದು ಕರೆದು ಬಳಸುತ್ತವೆ. ಯಾವ ಮಾತ್ರೆ, ಯಾವುದು ಒಗ್ಗದು, ನೀರು ಹೇಗೆ ಕುಡಿಯುತ್ತಾನೆ, ಯಾವ ಸದ್ದಿಗೆ ಹೆದರುತ್ತಾನೆ, ಯಾರು ಪಕ್ಕದಲ್ಲಿದ್ದರೆ ಸಮಾಧಾನ. ಎಲ್ಲಕ್ಕಿಂತ ಮುಖ್ಯವಾಗಿ, ನೋವಾದಾಗ ಅವನು ಏನು ಮಾಡುತ್ತಾನೆ. ಕೆಲವರು ಅಳುವುದಿಲ್ಲ, ಊಟ ಬಿಡುತ್ತಾರೆ. ಕೆಲವರು ನಗುತ್ತಾರೆ ಕೂಡ. ಹೊಸ ನರ್ಸಿಗೆ ಇದನ್ನು ಹೇಳಬಲ್ಲವರು ನೀವೇ. ಪ್ರತಿ ಪಾಳಿ ಬದಲಾದಾಗಲೂ ಆ ಹಾಳೆ ಕೈಯಿಂದ ಕೈಗೆ ಹೋಗುತ್ತದೆಯೇ ಎಂದು ನೋಡಿಕೊಳ್ಳಿ, ಸಂಕೋಚ ಬೇಡ.

ಮೊದಲ ಸಾಲಿನಲ್ಲಿ ಕೆನ್ನೆಗೆ ಹೊಡೆದುಕೊಂಡ ವಿಷಯವನ್ನೇ ಬರೆಯಿರಿ. ಹಲ್ಲು ತೆಗೆಸಿದ ಮೇಲೆ ಅವನು ಹೇಗಿದ್ದಾನೆ, ನೆಮ್ಮದಿಯಾಗಿ ಮಲಗುತ್ತಾನೆಯೇ ಎಂದು ನನಗೂ ತಿಳಿಸಿ.

– ಸಂಪಾದಕ