ಮೇಷ್ಟ್ರೇ, ಹಾವು ಬಿಡಿ, ಕೆಸರು ಹಿಡಿಯಿರಿ

ಪ್ರಿಯ ಮೇಷ್ಟ್ರೇ,

ನಿಮ್ಮ ‘ಕಲ್ಲು ಹೇಳಿದ ಹವಾಮಾನದ ಕಥೆ’ ಲೇಖನ ತಲುಪಿ ಮೂರು ವಾರವಾಯಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಕೊನೆಯವರೆಗೆ ಕಾಯಿಸುವುದು ಬೇಡವೆಂದು ಮೊದಲೇ ಹೇಳಿಬಿಟ್ಟೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ನಾವು ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈ ತೊಳೆದುಕೊಳ್ಳುತ್ತೇವೆ. ನಿಮಗೆ ಇಷ್ಟುದ್ದ ಬರೆಯುತ್ತಿರುವುದು ಏಳನೇ ಪುಟದ ಒಂದೇ ಒಂದು ವಾಕ್ಯದ ದೆಸೆಯಿಂದ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಹಾವು. ಲೇಖನ ಶುರುವಾಗುವುದೇ ಕಛ್‌ನ ವಾಸುಕಿಯಿಂದ, ಅಂದರೆ ಅಲ್ಲಿ ಪಳೆಯುಳಿಕೆಯಾಗಿ ಸಿಕ್ಕ, ಪುರಾಣದ ಸರ್ಪದ ಹೆಸರಿಟ್ಟ ಹಾವಿನಿಂದ. ಸಮುದ್ರ ಮಥನ, ಮಂದರ ಪರ್ವತ, ಹಗ್ಗವಾದ ಸರ್ಪ, ಆಮೇಲೆ ‘15 ಮೀಟರ್ ಉದ್ದದ ದೈತ್ಯ’. ಒಂದೂವರೆ ಪುಟ. 2024ರಲ್ಲಿ ಆ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು, ಓದುಗರಿಗೆ ಅದು ಹಳತು. ಅದಿರಲಿ, ನನ್ನ ತಕರಾರು ಬೇರೆ. ಪಾನಂಧ್ರೊದ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿದ್ದು 27 ಬೆನ್ನೆಲುಬಿನ ಮಣಿಗಳು. ಐಐಟಿ ರೂರ್ಕಿಯ ಸಂಶೋಧಕರು ಅವುಗಳ ಗಾತ್ರದಿಂದ ಹಾವಿನ ಉದ್ದವನ್ನು ಸುಮಾರು 11ರಿಂದ 15 ಮೀಟರ್ ಎಂದು ಅಂದಾಜಿಸಿದರು. ಹಾವಿಗೆ ಮೈಕಾವು ಹೊರಗಿನಿಂದಲೇ ಬರಬೇಕು, ಆದ್ದರಿಂದ ಅಷ್ಟು ದೊಡ್ಡ ಹಾವು ಬದುಕಬೇಕಾದರೆ ಅಲ್ಲಿನ ವಾರ್ಷಿಕ ಸರಾಸರಿ ಉಷ್ಣತೆ ಸುಮಾರು 28 ಡಿಗ್ರಿ ಇದ್ದಿರಬೇಕು ಎಂದು ಲೆಕ್ಕ ಹಾಕಿದರು. ಅಂದರೆ ಮಣಿಯಿಂದ ಉದ್ದಕ್ಕೆ ಒಂದು ಜಿಗಿತ, ಉದ್ದದಿಂದ ಉಷ್ಣತೆಗೆ ಇನ್ನೊಂದು. ನೀವು ಎರಡು ಜಿಗಿತವನ್ನೂ ನುಂಗಿ ‘4.7 ಕೋಟಿ ವರ್ಷದ ಹಿಂದೆ ಕಛ್‌ನಲ್ಲಿ 28 ಡಿಗ್ರಿ ಇತ್ತು’ ಎಂದು ಬರೆದಿರಿ, ಅಲ್ಲೇ ನಿಂತು ಥರ್ಮಾಮೀಟರ್ ನೋಡಿ ಬಂದವರ ಹಾಗೆ. ಅದರ ಬೆನ್ನಿಗೇ ‘ಕಾರ್ಬನ್ ಡೇಟಿಂಗ್‌ನಿಂದ ಇದು ತಿಳಿದುಬಂದಿದೆ’ ಅಂದಿದ್ದೀರಿ. ಇಂಗಾಲ-14 ಪ್ರತಿ 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. 50,000 ವರ್ಷ ದಾಟಿದರೆ ಅಳೆಯಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ವಿಜ್ಞಾನ ಕಲಿಸುವ ನಿಮ್ಮ ಕೈಯಿಂದ ಈ ಸಾಲು ಬರಬಾರದಿತ್ತು.

ಇಡೀ ಲೇಖನದ ತೊಂದರೆ ಇದೇ. ನೀವು ಬರೀ ತೀರ್ಪು ಓದುತ್ತೀರಿ. ಸಾಕ್ಷಿ ಯಾರು, ಪಾಟೀಸವಾಲು ಯಾರು ಮಾಡಿದರು, ಸಾಕ್ಷಿ ಎಲ್ಲಿ ತಡವರಿಸಿದ, ಒಂದೂ ಇಲ್ಲ. ‘ಕಲ್ಲುಗಳು ಮಾತಾಡುತ್ತವೆ’ ಎಂಬ ಮಾತು ನಾಲ್ಕು ಕಡೆ ಬಂದಿದೆ. ಕಲ್ಲು ಮಾತಾಡುವುದಿಲ್ಲ ಮೇಷ್ಟ್ರೇ. ಮಾತಾಡಿಸುವವರು ಇರುತ್ತಾರೆ, ಅವರು ತಪ್ಪೂ ಕೇಳಿಸಿಕೊಳ್ಳುತ್ತಾರೆ.

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಮೂರನೇ ಪುಟದಲ್ಲಿ ನೀವು ಬರೆದದ್ದು: ‘ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪಿನಲ್ಲಿರುವ ಆಮ್ಲಜನಕದಿಂದ ಪ್ರಾಚೀನ ಸಮುದ್ರದ ಉಷ್ಣತೆ ತಿಳಿಯುತ್ತದೆ.’ ಒಂದೇ ವಾಕ್ಯ, ಪೂರ್ಣವಿರಾಮ. ಅದರೊಳಗೆ ಎಂಥ ಜಗಳ ಅಡಗಿದೆ ಗೊತ್ತೇ?

1947ರ ಹೊತ್ತಿಗೆ ಶಿಕಾಗೊದ ಹೆರಾಲ್ಡ್ ಯೂರಿಗೆ ಒಂದು ವಿಷಯ ಹೊಳೆಯಿತು. ಆಮ್ಲಜನಕದ ಪರಮಾಣುಗಳಲ್ಲಿ ಹಗುರವಾದದ್ದರ ತೂಕ 16, ಭಾರವಾದದ್ದರದು 18. ಸಮುದ್ರದ ಜೀವಿ ಸುಣ್ಣದ ಚಿಪ್ಪು ಕಟ್ಟಿಕೊಳ್ಳುವಾಗ ನೀರು ತಣ್ಣಗಿದ್ದಷ್ಟೂ ಭಾರದ ಆಮ್ಲಜನಕ ತುಸು ಹೆಚ್ಚು ಸೇರುತ್ತದೆ. ಸುಮಾರು 4 ಡಿಗ್ರಿ ತಂಪಾದರೆ ಸಾವಿರಕ್ಕೆ ಒಂದು ಪಾಲಿನಷ್ಟು ವ್ಯತ್ಯಾಸ. 1951ರಲ್ಲಿ ಯೂರಿಯ ತಂಡ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಒಂದು ಬೆಲೆಮ್ನೈಟ್ ಪಳೆಯುಳಿಕೆಯನ್ನು ಎತ್ತಿಕೊಂಡಿತು. ನಿಮ್ಮ ಕಡೆಯ ಬಲೆಗೆ ಬೀಳುವ ಸ್ಕ್ವಿಡ್, ಅಂದರೆ ಬೊಂಡಾಸ್‌ನ ಹಳೆಯ ನೆಂಟ, ಜುರಾಸಿಕ್ ಕಾಲದ್ದು. ಅದರ ಗಟ್ಟಿ ಭಾಗವನ್ನು ಪದರ ಪದರವಾಗಿ ಕೆರೆದು ಅಳೆದು ನೋಡಿದರೆ ಬೇಸಿಗೆ, ಚಳಿಗಾಲ, ಮತ್ತೆ ಬೇಸಿಗೆ ಕಂಡವು. ಈ ಪ್ರಾಣಿ ಸುಮಾರು ನಾಲ್ಕು ವರ್ಷ ಬದುಕಿ ವಸಂತದಲ್ಲಿ ಸತ್ತಿತು ಎಂದು ಅವರು ಬರೆದರು. ಹದಿನೈದು ಕೋಟಿ ವರ್ಷ ಹಿಂದೆ ಸತ್ತದ್ದರ ಋತು! ಬೆರಳಿನಷ್ಟು ದಪ್ಪದ ಈ ಜೀವಿಯನ್ನು ಬಿಟ್ಟು ಹದಿನೈದು ಮೀಟರಿನ ಹಾವಿನ ಬೆನ್ನು ಹತ್ತಿದಿರಲ್ಲ.

ಅದೇ ಗುಂಪಿನಲ್ಲಿ ಪಳಗಿದ ಇಟಲಿಯ ಚೆಸಾರೆ ಎಮಿಲಿಯಾನಿ 1955ರಲ್ಲಿ ಸಮುದ್ರತಳದ ಕೆಸರಿನಿಂದ ಫೊರಾಮಿನಿಫೆರಾ ಚಿಪ್ಪುಗಳನ್ನು ಆರಿಸಿ, ಹಿಮಯುಗಗಳ ಏರಿಳಿತದ ಗೆರೆ ಎಳೆದರು. ಆ ಗೆರೆ ಬಹುಪಾಲು ಉಷ್ಣತೆಯದ್ದೇ ಎಂಬುದು ಅವರ ನಂಬಿಕೆ. ಆದರೆ ಸಮುದ್ರದಿಂದ ಆವಿಯಾಗುವಾಗ ಹಗುರ ಆಮ್ಲಜನಕದ ನೀರು ಮೊದಲು ಹೊರಡುತ್ತದೆ. ಹಿಮಯುಗದಲ್ಲಿ ಆ ನೀರು ಮಂಜಾಗಿ ಭೂಮಿಯ ಮೇಲೆಯೇ ಕೂತುಬಿಡುತ್ತದೆ, ಸಮುದ್ರಕ್ಕೆ ಮರಳುವುದಿಲ್ಲ. ಕಡಲಿನಲ್ಲಿ ಭಾರದ್ದು ಉಳಿಯುತ್ತದೆ. ಹಾಗಾದರೆ ಚಿಪ್ಪಿನಲ್ಲಿ ಭಾರದ ಆಮ್ಲಜನಕ ಹೆಚ್ಚಾದದ್ದು ನೀರು ತಣ್ಣಗಾದದ್ದಕ್ಕೋ, ನೆಲದ ಮೇಲೆ ಹಿಮ ಪೇರಿಕೊಂಡದ್ದಕ್ಕೋ? 

1967ರಲ್ಲಿ ಕೇಂಬ್ರಿಜ್‌ನ ನಿಕ್ ಶ್ಯಾಕಲ್ಟನ್ ಕೇಳಿದ ಪ್ರಶ್ನೆ ಎಷ್ಟು ಸರಳ ನೋಡಿ. ಸಮುದ್ರದ ತಳದಲ್ಲೇ ಬದುಕುವ ಫೊರಾಮಿನಿಫೆರಾ ಇವೆ. ತಳದ ನೀರು ಇಂದಿಗೂ ಹೆಪ್ಪುಗಟ್ಟುವುದಕ್ಕೆ ಕೆಲವೇ ಡಿಗ್ರಿ ಮೇಲಿದೆ. ಅದು ಇನ್ನೆಷ್ಟು ತಣ್ಣಗಾಗಲು ಸಾಧ್ಯ? ಆದರೂ ತಳದವುಗಳ ಚಿಪ್ಪಿನಲ್ಲಿ ಮೇಲಿನವುಗಳಷ್ಟೇ ದೊಡ್ಡ ಏರಿಳಿತವಿದೆ. ಆದ್ದರಿಂದ ಗೆರೆಯ ಹೆಚ್ಚಿನ ಪಾಲು ಹಿಮದ ಲೆಕ್ಕ. ಎಮಿಲಿಯಾನಿಯ ಅಳತೆ ಒಂದೂ ಸುಳ್ಳಾಗಲಿಲ್ಲ, ಅದರ ಅರ್ಥ ಬದಲಾಯಿತು. ಮುಂದೆ ಇದೇ ಶ್ಯಾಕಲ್ಟನ್ ಇಬ್ಬರು ಜೊತೆಗಾರರೊಂದಿಗೆ 1976ರಲ್ಲಿ, ಹಿಂದೂ ಮಹಾಸಾಗರದ ದಕ್ಷಿಣದ ಕೆಸರಿನಿಂದಲೇ, ಹಿಮಯುಗಗಳ ತಾಳ ಭೂಕಕ್ಷೆಯ ತೊನೆದಾಟಕ್ಕೆ ಹೊಂದುತ್ತದೆಂದು ತೋರಿಸಿದರು. (ಅವರು ಕ್ಲಾರಿನೆಟ್ ನುಡಿಸುತ್ತಿದ್ದರು, ಹಳೆಯ ಕ್ಲಾರಿನೆಟ್‌ಗಳನ್ನು ಕೂಡಿಹಾಕುತ್ತಿದ್ದರು. ಇದನ್ನು ಲೇಖನಕ್ಕೆ ಸೇರಿಸಬೇಕೆಂದೇನಿಲ್ಲ, ನನಗೆ ಇಷ್ಟ ಅಷ್ಟೆ.) 

ನಿಮ್ಮ ಒಂದು ವಾಕ್ಯದಲ್ಲಿ ಈ ಇಪ್ಪತ್ತು ವರ್ಷ ಕಾಣೆಯಾಗಿದೆ. ಓದುಗನಿಗೆ ಬೇಕಾದದ್ದು ಅದೇ.

ಐದನೇ ಪುಟದಲ್ಲಿ ‘ಕ್ರಿ.ಪೂ. 2200ರಲ್ಲಿ ಮಳೆ ನಿಂತಿತು, ಸಿಂಧೂ ನಾಗರಿಕತೆ ಕುಸಿಯಿತು’ ಎಂದಿದೆ. ಆಧಾರವಾಗಿ ಮೇಘಾಲಯದ ಮಾವ್‌ಮ್ಲು ಗುಹೆಯ ಸುಣ್ಣಗಂಬವನ್ನು ಹೆಸರಿಸಿದ್ದೀರಿ. 2018ರಲ್ಲಿ ಭೂವಿಜ್ಞಾನಿಗಳು ಕಳೆದ ಸುಮಾರು 4,200 ವರ್ಷಗಳ ಕಾಲಖಂಡಕ್ಕೆ ‘ಮೇಘಾಲಯನ್’ ಎಂದು ಹೆಸರಿಟ್ಟದ್ದು ಆ ಗುಹೆಯಿಂದ, ನಿಜ. ಆದರೆ ಗುಹೆ ಇರುವುದು ಚಿರಾಪುಂಜಿಯ ಪಕ್ಕ, ಹರಪ್ಪ ಇರುವುದು ಪಾಕಿಸ್ತಾನದ ಪಂಜಾಬಿನಲ್ಲಿ. ಹತ್ತಿರದ ಸಾಕ್ಷಿ ಕೇಳಬೇಕಿದ್ದರೆ ಬಿಕಾನೇರ್ ಜಿಲ್ಲೆಯ ಲೂಣಕರಣಸರ್ ಉಪ್ಪುಕೆರೆ ಇತ್ತು. 1970ರ ದಶಕದ ಆರಂಭದಲ್ಲಿ ಗುರುದೀಪ್ ಸಿಂಗ್ ರಾಜಸ್ಥಾನದ ಇಂಥ ಕೆರೆಗಳ ಹೂಳಿನಲ್ಲಿ ಉಳಿದ ಪರಾಗವನ್ನು (ಆಗ ಯಾವ ಗಿಡ ಬೆಳೆದಿತ್ತೆಂಬುದರ ಗುರುತು ಅದು) ಎಣಿಸಿ, ಮಳೆ ಮತ್ತು ಹರಪ್ಪದ ಏಳುಬೀಳು ಜೊತೆಜೊತೆಗೆ ನಡೆದಿವೆ ಎಂದರು. 1999ರಲ್ಲಿ ಇನ್ನೊಂದು ತಂಡ ಲೂಣಕರಣಸರ್‌ನ ಪದರಗಳ ಕಾಲವನ್ನು ಹೊಸದಾಗಿ ನಿರ್ಧರಿಸಿದಾಗ ಬೇರೆಯೇ ಚಿತ್ರ ಬಂತು: ಹರಪ್ಪದ ನಗರಗಳು ಅರಳುವುದಕ್ಕೆ ಮೊದಲೇ ಆ ಕೆರೆ ಒಣಗಿಹೋಗಿತ್ತು. ಒಣಹವೆಯಲ್ಲೇ ಊರು ಬೆಳೆದಿದ್ದರೆ ಒಣಹವೆಯೊಂದೇ ಅದನ್ನು ಕೊಂದಿತೆಂದು ಹೇಳುವುದು ಹೇಗೆ? ಈ ವಾದ ಇನ್ನೂ ಮುಗಿದಿಲ್ಲ. ಮುಗಿಯದ ವಾದವನ್ನು ಮುಗಿಯದ ಹಾಗೆಯೇ ಬರೆಯಿರಿ. ಇಲ್ಲವೇ ಈ ಭಾಗ ತೆಗೆದುಹಾಕಿ, ನಾನಾದರೆ ತೆಗೆಯುತ್ತೇನೆ.

‘2200ರಲ್ಲಿ ಮಳೆ ನಿಂತಿತು’ ಎಂಬ ಧಾಟಿಯ ಬಗ್ಗೆ ಒಂದು ಮಾತು. ಆಳಸಮುದ್ರದಲ್ಲಿ ಕೆಸರು ಕೂರುವುದು ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಒಂದು ಬೆರಳಗಲದ ಹೋಳಿನಲ್ಲಿ ವಿಜಯನಗರದಿಂದ ಇಂದಿನವರೆಗಿನ ಎಲ್ಲ ಮಳೆಗಾಲಗಳೂ ಸೇರಿಹೋಗಬಹುದು. ಸಾಲದ್ದಕ್ಕೆ ಹುಳುಗಳು ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಕಲಸಿರುತ್ತವೆ. ಅಲ್ಲಿಂದ ಇಸವಿ ಹೆಕ್ಕಿ ತೆಗೆಯಲಾಗದು. ಹಾಗೆಯೇ ‘ಬಿಪಿ’ ಎಂದು ಕಂಡಲ್ಲೆಲ್ಲ ನೀವು ಕ್ರಿ.ಪೂ. ಮಾಡಿದ್ದೀರಿ. ಬಿಪಿ ಎಂದರೆ 1950ರಿಂದ ಹಿಂದಕ್ಕೆ ಎಣಿಸಿದ ವರ್ಷ. ಇದನ್ನು ದೊಡ್ಡಸ್ತಿಕೆಯಿಂದ ಹೇಳುತ್ತಿಲ್ಲ. ಹೊಸದರಲ್ಲಿ ನಾನೂ ಒಂದು ಲೇಖನದಲ್ಲಿ ಇದೇ ತಪ್ಪನ್ನು ಅಚ್ಚು ಹಾಕಿಸಿ, ನಿವೃತ್ತ ಭೂವಿಜ್ಞಾನಿಯೊಬ್ಬರಿಂದ ಕಾರ್ಡು ಬರೆಸಿಕೊಂಡಿದ್ದೇನೆ. ‘ಸ್ವಾಮಿ, ಸುಮಾರು ಎರಡು ಸಾವಿರ ವರ್ಷ ನಿಮ್ಮ ಕೈಲಿ ಕಳೆದುಹೋಗಿದೆ, ಹುಡುಕಿಕೊಡಿ’ ಎಂದಿತ್ತು.

ಭಾಷೆಯ ವಿಷಯ ಬೇಗ ಮುಗಿಸುತ್ತೇನೆ. ‘ಪ್ರಾಕ್ಸಿ’ 26 ಸಲ ಬಂದಿದೆ. ಒಮ್ಮೆ ಹೇಳಿ, ಆಮೇಲೆ ‘ಪರೋಕ್ಷ ಸಾಕ್ಷಿ’ ಎಂದರೆ ಸಾಕು. ‘ಅವಸಾದನಶಾಸ್ತ್ರೀಯ ನಿಕ್ಷೇಪ’ ಎಂದದ್ದು ಹೂಳಿಗೆ ತಾನೆ? ಹೂಳು ಎನ್ನಿ.

ಈಗ ಏಳನೇ ಪುಟ. ಅಲ್ಲಿ, ಎರಡು ಪ್ಯಾರಾಗಳ ಸಂದಿಯಲ್ಲಿ, ಹೀಗೆ ಬರೆದಿದ್ದೀರಿ: ‘ನಮ್ಮ ಶಾಲೆಯ ಹಿಂದೆ ಕಾಳಿ ಹೊಳೆ ಸಮುದ್ರ ಸೇರುವಲ್ಲಿ ಇಳಿತದ ಹೊತ್ತಿಗೆ ಮಕ್ಕಳು ಕೆಸರಿಗೆ ಉದ್ದ ಕಡ್ಡಿ ಚುಚ್ಚಿ ಆಳ ಎಷ್ಟೆಂದು ಪಂಥ ಕಟ್ಟುತ್ತಾರೆ; ಎಳೆದ ಕಡ್ಡಿಗೆ ಮೇಲೆ ಕಂದು, ಕೆಳಗೆ ಕಪ್ಪು ಕೆಸರು ಮೆತ್ತಿರುತ್ತದೆ.’ ಆಮೇಲೆ ಅಂಟಾರ್ಕ್ಟಿಕಾಕ್ಕೆ ಹಾರಿಬಿಟ್ಟಿರಿ!

ಆ ಕಡ್ಡಿಯೇ ನಿಮ್ಮ ಲೇಖನ. ವಿಜ್ಞಾನಿಗಳು ಹಡಗಿನಿಂದ ಕೊಳವೆ ಇಳಿಸಿ, ಬಾಳೆದಿಂಡು ಎಳೆದಂತೆ ಕೆಸರಿನ ಕಂಬ ಎತ್ತುವುದೂ ಅದೇ ಕೆಲಸ. ಮೇಲಿನ ಕಂದು ಗಾಳಿ ಸೋಕಿದ್ದು, ಕೆಳಗಿನ ಕಪ್ಪು ಗಾಳಿ ಸೋಕದ್ದು. ಗಾಳಿ ಇಲ್ಲದಲ್ಲಿ ಪರಾಗ ಕೊಳೆಯದೆ ಸಾವಿರಾರು ವರ್ಷ ಉಳಿಯುತ್ತದೆ. ಅದರ ಹೊರಕವಚ ಅಷ್ಟು ಗಟ್ಟಿ. ಮತ್ತೆ ನಿಮಗೆ ಗೊತ್ತಿಲ್ಲವೆಂದು ಕಾಣುತ್ತದೆ, ನಿಮ್ಮ ಕಾರವಾರದ ಹೊರಗಿನ ಸಮುದ್ರತಳದಿಂದಲೇ ಇಂಥ ಕಂಬಗಳನ್ನು ಎತ್ತಿದ್ದಾರೆ. 1994ರಲ್ಲಿ ಪ್ರಕಟವಾದ, ಫ್ರೆಂಚ್ ಸಂಶೋಧಕರ ಅಧ್ಯಯನವೊಂದು ಆ ಕೆಸರನ್ನು ಓದಿ, ಸುಮಾರು 3,500 ವರ್ಷಗಳಿಂದೀಚೆಗೆ ಇಲ್ಲಿನ ಹವೆಯ ತೇವ ಕಡಿಮೆಯಾಯಿತು ಎಂದಿತು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಅದೇ ಕಡಲಿನ ಫೊರಾಮಿನಿಫೆರಾ ಹಿಡಿದು ಹಿಂದಿನ ಶತಮಾನಗಳ ಮಳೆಯ ಏರಿಳಿತ ಹುಡುಕಿದ್ದಾರೆ. ನಿಮ್ಮ ಮಕ್ಕಳು ಕಡ್ಡಿ ಚುಚ್ಚುವ ಊರಿನ ಮುಂದಿನ ನೀರಿನಲ್ಲಿ!

ಅಲ್ಲಿಯೂ ತೀರ್ಪಿಗೆ ಅವಸರ ಮಾಡಬೇಡಿ. ಘಟ್ಟದ ಕಾಡಿನ ಪರಾಗ ಕೆಸರಿನಲ್ಲಿ ಕಡಿಮೆಯಾದರೆ ಅದು ಮಳೆ ತಗ್ಗಿದ್ದಕ್ಕೋ, ಮನುಷ್ಯನ ಕೊಡಲಿ ತಗಲಿದ್ದಕ್ಕೋ? 3,500 ವರ್ಷ ಹಿಂದೆ ಎಂದರೆ ಬಳ್ಳಾರಿ ಸೀಮೆಯಲ್ಲಿ ದನಗಾಹಿಗಳು ಸಗಣಿ ಸುಟ್ಟು ಬೂದಿದಿಬ್ಬ ಬಿಟ್ಟುಹೋದ ಕಾಲ. ಹುಲ್ಲಿನ ಪರಾಗ ಗಾಳಿಗೆ ಹಾರಿ ಎಲ್ಲೆಡೆ ಬೀಳುತ್ತದೆ, ಜೇನುನೊಣ ನಂಬಿದ ಮರದ್ದು ಅಷ್ಟು ಬೀಳುವುದಿಲ್ಲ. ಹಾಗಾಗಿ ಎಣಿಕೆಯಲ್ಲಿ ಹುಲ್ಲು ಯಾವಾಗಲೂ ತನ್ನ ಪಾಲಿಗಿಂತ ಜೋರಾಗಿ ಕೂಗುತ್ತದೆ. ಈಗ ಸೂಪಾ, ಕದ್ರಾ ಅಣೆಕಟ್ಟುಗಳು ಕಾಳಿಯ ಹೂಳನ್ನು ಮೇಲೆಯೇ ಹಿಡಿದಿಟ್ಟುಕೊಳ್ಳುತ್ತಿರುವಾಗ ಇಂದಿನ ಕೆಸರನ್ನು ಅಂದಿನದಕ್ಕೆ ಹೇಗೆ ಹೋಲಿಸುವುದು? ಇವನ್ನು ಬಲ್ಲವರ ಹತ್ತಿರ ಹೋಗಿ ಕೇಳಿ. ಕಾರವಾರದಿಂದ ಗೋವಾ ಎಷ್ಟು ದೂರ?

ಇನ್ನೊಂದೇ ಸಾಕ್ಷಿ ಬೇಕಿದ್ದರೆ ನೀಲಗಿರಿಯನ್ನು ಇಟ್ಟುಕೊಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಅಲ್ಲಿನ ಜೌಗಿನ ಕಪ್ಪುಮಣ್ಣಿನಿಂದ 20,000 ವರ್ಷಗಳ ಹವಾಮಾನ ತೆಗೆದರು. ಅದನ್ನು ತರಗತಿಯಲ್ಲಿ ಹೇಳುವುದು ಸುಲಭ. ಭತ್ತ ಒಂದು ರೀತಿಯಲ್ಲಿ ಇಂಗಾಲ ಹಿಡಿಯುತ್ತದೆ, ರಾಗಿ, ಜೋಳ, ಕಬ್ಬು ಇನ್ನೊಂದು ರೀತಿಯಲ್ಲಿ. ಎರಡು ಬಗೆಯ ಗಿಡ ಕೊಳೆತು ಮಣ್ಣಾದಾಗಲೂ ಭಾರದ ಇಂಗಾಲದ ಪ್ರಮಾಣ ಬೇರೆ ಬೇರೆ ಉಳಿಯುತ್ತದೆ. ಶೋಲಾ ಕಾಡಿನ ಮರಗಳು ಭತ್ತದ ಪಂಗಡ, ಒಣಹವೆಯ ಹುಲ್ಲು ರಾಗಿಯ ಪಂಗಡ. ಕೊನೆಯ ಹಿಮಯುಗದ ಪದರದಲ್ಲಿ ಹುಲ್ಲಿನ ಕೈ ಮೇಲು, ಅಂದರೆ ಮಳೆ ಕಮ್ಮಿ. ಇಲ್ಲೂ ಒಂದು ಕೊಕ್ಕೆ ಇದೆ: ಆಗ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹತ್ತು ಲಕ್ಷಕ್ಕೆ 190 ಪಾಲಿನ ಆಸುಪಾಸಿತ್ತು, ಕೈಗಾರಿಕೆ ಶುರುವಾಗುವ ಮುಂಚಿನ 280ಕ್ಕಿಂತ ಬಹಳ ಕಡಿಮೆ. ಅಷ್ಟು ಕಮ್ಮಿ ಇದ್ದರೆ ಮಳೆ ಇದ್ದರೂ ರಾಗಿಯ ಪಂಗಡಕ್ಕೇ ಅನುಕೂಲ. ನಿಮ್ಮ ಒಂಬತ್ತನೇ ತರಗತಿಯವರ ಮುಂದೆ ಇದನ್ನಿಟ್ಟು ‘ಯಾವುದು ಕಾರಣ ಅಂತ ಹೇಗೆ ಬಿಡಿಸುತ್ತೀರಿ?’ ಎಂದು ಕೇಳಿ, ಅವರು ಏನೆಂದರು ಎಂಬುದನ್ನೂ ಬರೆಯಿರಿ.

ಹಾವು, ಅಂಟಾರ್ಕ್ಟಿಕಾ, ಡೈನೊಸಾರ್, ಸಿಂಧೂ ಎಲ್ಲ ಹೊರಗೆ. ಕಡ್ಡಿ, ಕಾರವಾರದ ಕೆಸರು, ಶ್ಯಾಕಲ್ಟನ್‌ನ ಪ್ರಶ್ನೆ, ಜಾಗ ಉಳಿದರೆ ನೀಲಗಿರಿ ಒಳಗೆ. 3,000 ಪದ ಇದ್ದದ್ದು 1,800ಕ್ಕೆ ಇಳಿಯಲಿ. ಮಳೆಗಾಲ ಮುಗಿಯುವುದರೊಳಗೆ ಕಳಿಸಿದರೆ ದೀಪಾವಳಿ ಸಂಚಿಕೆಯ ಹೊತ್ತಿಗೆ ನೋಡಬಹುದು. ಹಾಕುತ್ತೇವೆಂದು ಈಗಲೇ ಮಾತು ಕೊಡಲಾರೆ. ಜೊತೆಗೆ ಆ ಕಡ್ಡಿಯದೊಂದು ಫೋಟೊ ಇರಲಿ, ಮೊಬೈಲಿನಲ್ಲಿ ತೆಗೆದದ್ದಾದರೂ ಸರಿ. ಕಂದು ಮುಗಿದು ಕಪ್ಪು ಶುರುವಾಗುವ ಜಾಗ ಕಾಣಬೇಕು, ಅಳತೆಗೆ ಪಕ್ಕದಲ್ಲೊಂದು ಪೆನ್ನು ಇಡಿ.

ಇಂತಿ ನಿಮ್ಮ,
ಸಂಪಾದಕ