ಅಮ್ಮನದು ಅಪರೂಪದ ಬಾಂಬೆ ಬ್ಲಡ್ ಗ್ರೂಪ್, ಅದೇ ಗ್ರೂಪಿನ ರಕ್ತವೇ ಬೇಕು. ರಕ್ತ ಕೊಡದೆ ಬೈಪಾಸ್ ಮಾಡಲು ಆಗುತ್ತದೆಯೇ?

ಎಷ್ಟೋ ಸಲ ಆಗುತ್ತದೆ. ಆದರೆ ಮೊದಲು ಅಮ್ಮನ ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಪ್ರಶ್ನೆಯಲ್ಲಿ ನೀವು ಅದನ್ನೇ ಬರೆದಿಲ್ಲ.

ನಾನು ಮುಂಬೈಯಲ್ಲಿ ಪರ್ಫ್ಯೂಷನಿಸ್ಟ್, ಅಂದರೆ ಆಪರೇಷನ್ ಹೊತ್ತಿನಲ್ಲಿ ಹಾರ್ಟ್-ಲಂಗ್ ಮೆಷಿನ್ ನಡೆಸುವವನು. ಡೊಂಬಿವಲಿಯ ನಿಮ್ಮ ಅಮ್ಮ 50 ಕಿಲೋ ಅಂದಿರಿ. ಅವರ ಮೈಯಲ್ಲಿರುವುದು ಸುಮಾರು ಮೂರೂಕಾಲು ಲೀಟರ್ ರಕ್ತ. ಮೆಷಿನ್ನಿನ ಪೈಪುಗಳಲ್ಲಿ ನಾವು ಮೊದಲೇ ಲೀಟರಿಗಿಂತ ಜಾಸ್ತಿ ಸಲೈನ್ ತುಂಬಿರುತ್ತೇವೆ. ಎರಡೂ ಬೆರೆತರೆ 10 ಇದ್ದ ಹಿಮೋಗ್ಲೋಬಿನ್ 7ರ ಹತ್ತಿರ ಬರುತ್ತದೆ, ಒಂದು ಹನಿ ರಕ್ತ ಸೋರದಿದ್ದರೂ! 13 ಇದ್ದವರು 9ರಲ್ಲಿ ನಿಲ್ಲುತ್ತಾರೆ. ಹಾಗಾಗಿ ಆಪರೇಷನ್ ಕೆಲವು ವಾರ ತಡೆಯಬಹುದಾದರೆ, ಕಬ್ಬಿಣಾಂಶ ಕಡಿಮೆ ಇದ್ದರೆ ಐರನ್ ಡ್ರಿಪ್ ಹಾಕಿಸುವ ಬಗ್ಗೆ ಕೇಳಿ. ಮಾತ್ರೆ ನಿಧಾನ.

ರಕ್ತ ಅಷ್ಟು ತೆಳುವಾಗದಿರಲಿ ಅಂತ ಮೆಷಿನ್ ಶುರುಮಾಡುವಾಗ ಅವರದೇ ರಕ್ತವನ್ನು ಪೈಪಿಗೆ ಬಿಟ್ಟು ಸಲೈನನ್ನು ಚೀಲಕ್ಕೆ ತಳ್ಳುತ್ತೇವೆ. ಬಿಪಿ ಇಳಿಯುತ್ತಾ ಅಂತ ಎಲ್ಲರ ಕಣ್ಣೂ ಮಾನಿಟರ್ ಮೇಲೆ. ಸೋರಿದ ರಕ್ತ ಸೆಲ್ ಸೇವರ್ ಎಂಬ ಯಂತ್ರಕ್ಕೆ ಹೋಗಿ, ತೊಳೆದು, ಕೆಂಪು ಕಣಗಳಷ್ಟೇ ಮರಳಿ ಸಿಗುತ್ತವೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಸಿಗಲ್ಲ. ಮೆಷಿನ್ನೇ ಇಲ್ಲದೆ, ಬಡಿಯುವ ಹೃದಯದ ಮೇಲೆ ಬೈಪಾಸ್ ಮಾಡುವ ಸರ್ಜನ್‌ಗಳೂ ಇಲ್ಲಿದ್ದಾರೆ. ಅದು ನಿಮ್ಮ ಅಮ್ಮನಿಗೆ ಆಗುತ್ತಾ ಅಂತ ಕೇಳಲೇಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆಯನ್ನು ಅಮ್ಮ ತಗೊಳ್ತಿದ್ದರೆ ಯಾವಾಗ ನಿಲ್ಲಿಸಬೇಕು ಅಂತ ಸರ್ಜನ್ನೇ ಹೇಳಲಿ, ಸುಮ್ನೆ ನೀವೇ ನಿಲ್ಲಿಸಬೇಡಿ.

ಇದೇನು ಹೊಸ ಸಾಹಸ ಅಲ್ಲ. ಧರ್ಮದ ಕಾರಣಕ್ಕೆ ರಕ್ತ ಬೇಡವೆನ್ನುವ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದವರಿಗೆ ಅಮೆರಿಕದ ಹ್ಯೂಸ್ಟನ್ನಿನ ಸರ್ಜನ್ ಡೆಂಟನ್ ಕೂಲಿ 1960ರ ದಶಕದಲ್ಲೇ ಹೃದಯದ ಆಪರೇಷನ್ ಮಾಡುತ್ತಿದ್ದರು. 1977ರಲ್ಲಿ ಅವರ ತಂಡ ಅಂಥ 542 ಆಪರೇಷನ್‌ಗಳ ವರದಿ ಕೊಟ್ಟಿತು.

ಆದರೂ 'ರಕ್ತ ಬೇಕಾಗೋದೇ ಇಲ್ಲ' ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ನಿಮ್ಮ ಅಮ್ಮನಿಗೆ ಓ ಗ್ರೂಪಿನ ರಕ್ತವೂ ಆಗಿಬರಲ್ಲ. 1952ರಲ್ಲಿ ಮುಂಬೈಯಲ್ಲೇ ಡಾ. ಭೇಂಡೆ ಗುರುತಿಸಿದ ಈ ಗ್ರೂಪ್ ತೀರಾ ಅಪರೂಪ. ಸಿಗುವ ಸಾಧ್ಯತೆ ಜಾಸ್ತಿ ಇರುವುದು ಒಡಹುಟ್ಟಿದವರಲ್ಲೇ. ಮಾಮೂಲಿ ಟೆಸ್ಟಿನಲ್ಲಿ ಇದು 'ಓ' ಅಂತಲೇ ಕಾಣುತ್ತದೆ. ನಿಮ್ಮ ಮಾವಂದಿರು, ಚಿಕ್ಕಮ್ಮಂದಿರಲ್ಲಿ 'ಓ' ಅಂತ ಕಾರ್ಡ್ ಇರುವವರನ್ನು ಈ ವಾರವೇ ಬ್ಲಡ್ ಬ್ಯಾಂಕಿಗೆ ಕಳಿಸಿ, ಇದನ್ನು ಓ ಗ್ರೂಪಿನಿಂದ ಬೇರ್ಪಡಿಸಿ ಗುರುತಿಸುವ ಆಂಟಿ-ಎಚ್ ಟೆಸ್ಟ್ ಮಾಡಿಸಿ.