ಕೆನಡಾದ ಒಂಟಾರಿಯೋ ಪ್ರಾಂತ್ಯದ ಬ್ರಾಂಪ್ಟನ್ ಬಿಟ್ಟು ಪೂರ್ವದ ದ್ವೀಪ ಪ್ರಾಂತ್ಯ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡಿಗೆ ಹೋಗೋಣ ಅಂತಿದ್ದೇವೆ. ಅಲ್ಲಿ ಫ್ಯಾಮಿಲಿ ಡಾಕ್ಟರೇ ಸಿಗಲ್ವಂತೆ, ಹೌದಾ?

ಬೇಗ ಸಿಗಲ್ಲ, ನಿಜ. ನಾವೂ ಅದೇ ಬ್ರಾಂಪ್ಟನ್ನಿನಿಂದ 2022ರ ಆಗಸ್ಟಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಇಲ್ಲಿನ ರಾಜಧಾನಿ ಷಾರ್ಲೆಟ್‌ಟೌನಿಗೆ ಬಂದವರು.

ಬೇರೆ ಪ್ರಾಂತ್ಯದಿಂದ ಬಂದವರಿಗೆ ಇಲ್ಲಿನ ಹೆಲ್ತ್ ಕಾರ್ಡ್, ಅಂದರೆ ಸರ್ಕಾರಿ ಖರ್ಚಿನಲ್ಲಿ ಚಿಕಿತ್ಸೆ ಸಿಗೋ ಕಾರ್ಡ್, ಬಂದ ತಿಂಗಳು ಬಿಟ್ಟು ಮೂರನೇ ತಿಂಗಳಿಂದ ಚಾಲ್ತಿಗೆ ಬರುತ್ತದೆ. ಅಲ್ಲಿವರೆಗೆ ಒಂಟಾರಿಯೋ ಕಾರ್ಡೇ ಗತಿ. ನಮ್ಮದು ನವೆಂಬರಿನಲ್ಲಿ ಶುರುವಾಯಿತು. ಪರ್ಸಿನಲ್ಲಿಟ್ಟುಕೊಂಡು ನಿಶ್ಚಿಂತೆಯಿಂದ ಇದ್ದೆ. ಎಡವಿದ್ದು ಅಲ್ಲೇ.

ಕಾರ್ಡ್ ಬಂದರೆ ಡಾಕ್ಟರಿಗಾಗಿ ಕಾಯುವ ಪಟ್ಟಿಯಲ್ಲಿ ಹೆಸರು ತಾನಾಗಿ ಸೇರಲ್ಲ. ಆ ಪಟ್ಟಿಗೆ ಪೇಷೆಂಟ್ ರಿಜಿಸ್ಟ್ರಿ ಅಂತಾರೆ. ಅದಕ್ಕೆ ನಾವೇ ಬೇರೆ ಅರ್ಜಿ ಹಾಕಬೇಕು. ನಾನು ಊರಿನ ಲೆಕ್ಕ ಹಾಕಿದ್ದೆ, ರೇಷನ್ ಕಾರ್ಡ್ ಕೈಗೆ ಬಂದಮೇಲೆ ಸೊಸೈಟಿಯಲ್ಲಿ ಹೆಸರು ಇದ್ದೇ ಇರುತ್ತಲ್ವಾ, ಹಾಗೆ. ಒಂದು ವರ್ಷ ಯಾರಾದರೂ ಫೋನ್ ಮಾಡ್ತಾರೆ ಅಂತ ಸುಮ್ನೆ ಕಾದೆ. ಹೆಸರೇ ಇಲ್ಲದವನಿಗೆ ಯಾರು ಫೋನ್ ಮಾಡ್ತಾರೆ?

ಗೊತ್ತಾಗಿದ್ದು 2023ರ ನವೆಂಬರಿನಲ್ಲಿ. ಹೆಂಡತಿಯ ಥೈರಾಯ್ಡ್ ಮಾತ್ರೆ ಬಾಟಲಿಯ ತಳದಲ್ಲಿ ಎಂಟು ಉಳಿದಿದ್ದವು. ಔಷಧಿ ಅಂಗಡಿಯ ಹುಡುಗಿ ಒಳ್ಳೆಯವಳು. ಇಲ್ಲಿ ಫಾರ್ಮಸಿಸ್ಟೇ ಹಳೇ ಚೀಟಿಯನ್ನು ಮುಂದುವರಿಸಬಹುದು, ಸಣ್ಣಪುಟ್ಟ ಕಾಯಿಲೆಗೆ ಔಷಧಿ ಬರೆಯಬಹುದು, ಕಾರ್ಡ್ ಇದ್ದರೆ ಹಾಗೆ ಬರೆಸಿಕೊಳ್ಳೋಕೆ ದುಡ್ಡಿಲ್ಲ. ಫಾರ್ಮಸಿ ಪ್ಲಸ್ ಅಂತ 2022ರಲ್ಲಿ ಶುರುವಾಗಿದ್ದು. ಮಾತ್ರೆ ಕೊಟ್ಟಳು. ಆದರೆ, 'ರಕ್ತಪರೀಕ್ಷೆ ಆಗಿ ಒಂದೂವರೆ ವರ್ಷ ಆಯ್ತಲ್ಲ, ಡೋಸ್ ಸರಿಯಿದೆಯಾ ಅಂತ ಡಾಕ್ಟರನ್ನು ಕೇಳಿ' ಅಂದಳು. ಯಾವ ಡಾಕ್ಟರು? ಅವಳೇ ಕೇಳಿದಳು, 'ರಿಜಿಸ್ಟ್ರಿಯಲ್ಲಿ ಇದ್ದೀರಲ್ವಾ? ಹಾಗಿದ್ರೆ ವಿಡಿಯೋದಲ್ಲಿ ಫ್ರೀಯಾಗಿ ಡಾಕ್ಟರ್ ಸಿಗ್ತಾರೆ.' ನಾನು ಹೆಂಡತಿ ಮುಖ ನೋಡಿದೆ. ಅವಳು ಬಾಟಲಿ ನೋಡ್ತಿದ್ದಳು.

ಮಾರನೇ ದಿನ ಬೆಳಗ್ಗೆ ಏಳಕ್ಕೆ ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗಬಹುದಾದ ವಾಕ್-ಇನ್ ಕ್ಲಿನಿಕ್ ಬಾಗಿಲ ಮುಂದೆ ಹಿಮದಲ್ಲಿ ನಿಂತೆವು. ನಮ್ಮ ಮುಂದೆ ಹನ್ನೊಂದು ಜನ. ಒಂಬತ್ತನೆಯವರಿಗೆ ಅವತ್ತಿನ ಟೋಕನ್ ಮುಗಿಯಿತು. ಇನ್ನೂ ಎರಡು ಬೆಳಗ್ಗೆ ಹೋಗಿ ನಿಂತಮೇಲೆ ಒಂದು ರಕ್ತಪರೀಕ್ಷೆ ಬರೆಸಿಕೊಂಡೆವು. ಡೋಸ್ ಕಡಿಮೆಯಾಗಿತ್ತು. ತಿಂಗಳುಗಟ್ಟಲೆ ಅವಳು ಸುಸ್ತು ಸುಸ್ತು ಅಂದಾಗ ಇದು ಚಳಿಗೆ ಅಂತ ನಾನು ವೈದ್ಯನ ಥರ ಹೇಳಿದ್ದೆ.

ಹಾಗಾಗಿ, ಡಾಕ್ಟರ್ ಸಿಗ್ತಾರಾ ಅನ್ನೋ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಪಟ್ಟಿಗೆ ಯಾವತ್ತು ಸೇರಬಹುದು ಅಂತ ಕೇಳಿ. ಕಾರ್ಡ್ ಕೈಗೆ ಬಂದ ದಿನವೇ, ಮಕ್ಕಳ ಹೆಸರೂ ಸೇರಿಸಿ, ಅರ್ಜಿ ಹಾಕಿ. ರಾತ್ರಿ ಮಗುವಿಗೆ ಜ್ವರ ಬಂದರೆ 811ಕ್ಕೆ ಫೋನ್ ಮಾಡಿ, ಯಾವ ಹೊತ್ತಲ್ಲೂ ನರ್ಸ್ ಮಾತಾಡ್ತಾರೆ. ಅಲ್ಲಿಂದ ಹೊರಡೋ ಮುಂಚೆ ಬ್ರಾಂಪ್ಟನ್ ಡಾಕ್ಟರ ಹತ್ತಿರ ಹಳೇ ರಿಪೋರ್ಟ್, ಚೀಟಿ ಎಲ್ಲ ಈಸ್ಕೊಳ್ಳಿ.

ದೊಡ್ಡಾಸ್ಪತ್ರೆ ಹೇಗೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೃದಯದ ಆಪರೇಷನ್ ಥರದ್ದಕ್ಕೆ ಹೇಗೂ ದ್ವೀಪ ದಾಟಿ ಹೋಗಬೇಕು. 13 ಕಿಲೋಮೀಟರ್ ಸೇತುವೆ. ಬರುವಾಗ ಟೋಲ್ ಕೇಳಲ್ಲ, ಬಿಟ್ಟು ಹೋಗುವಾಗ ಕೇಳ್ತಾರೆ.

ನಮಗೆ 2025ರಲ್ಲಿ ಕರೆ ಬಂತು. ಡಾಕ್ಟರಲ್ಲ, ನರ್ಸ್ ಪ್ರಾಕ್ಟಿಷನರ್, ಅಂದರೆ ತಾವೇ ಪರೀಕ್ಷೆ ಮಾಡಿ ಔಷಧಿ ಬರೆಯೋ ನರ್ಸ್. ಥೈರಾಯ್ಡ್ ವಿಷಯದಲ್ಲಿ ನನ್ನ ಮಾತು ಈಗ ಮನೆಯಲ್ಲಿ ಯಾರೂ ಕೇಳಲ್ಲ.